‘ಹಾಕ್ತೆ’ ಹೋಗಿ ‘ಸಾಕಲ್ದಾ’ ಬಂದ ವರ್ಷ

ಕೊಪ್ಪದ ಬಸ್ ನಿಲ್ದಾಣದ ಹಿಂದಿನ ಇಳಿಜಾರು ರಸ್ತೆಯಲ್ಲಿ, ಒಂದು ಟೈಲರ್ ಅಂಗಡಿಯ ಪಕ್ಕದ ಬಾಡಿಗೆ ಮನೆಯಲ್ಲಿ ಮೆಸ್ ಇತ್ತು. ಬೋರ್ಡು ಇರಲಿಲ್ಲ. ಮಧ್ಯಾಹ್ನ ಮೆಟ್ಟಿಲ ಮೇಲೆ ಚಪ್ಪಲಿಗಳು ಕಂಡರೆ ಊಟ ಶುರುವಾಗಿದೆ ಎಂದು ಅರ್ಥ. ನಾನು ಅದೇ ಊರಿನ ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತಿದ್ದೆ. ಮನೆ ನರಸಿಂಹರಾಜಪುರದಲ್ಲಿ, ಹೆಂಡತಿಗೆ ಅಲ್ಲಿಯ ಶಾಲೆಯಲ್ಲಿ ಕೆಲಸ. ಬೆಳಿಗ್ಗೆ ಬಸ್ಸು ಹತ್ತಿ ಬಂದು ಸಂಜೆ ಬಸ್ಸು ಹತ್ತಿ ಹೋಗುವ ನನಗೆ ಮಧ್ಯಾಹ್ನದ ಊಟ ಮಾತ್ರ ಆ ಮೆಸ್ಸಿನಲ್ಲಿ.

ಮೆಸ್ ನಡೆಸುತ್ತಿದ್ದವರನ್ನು ನಾವೆಲ್ಲ ಚಿಕ್ಕಮ್ಮ ಎನ್ನುತ್ತಿದ್ದೆವು. ಐವತ್ತು ದಾಟಿದ ಹೆಂಗಸು. ಶೃಂಗೇರಿ ಹತ್ತಿರದ ಮೆಣಸೆಯ ಮನೆಯೊಂದರ ಸೊಸೆ. ಗಂಡ ತೀರಿಹೋದ ಮೇಲೆ ಮೈದುನಂದಿರು ಒಂದು ಕೋಣೆ ಬಿಟ್ಟುಕೊಟ್ಟಿದ್ದರು. ಅಡುಗೆಮನೆ ಮಾತ್ರ ಓರಗಿತ್ತಿಯರದಾಗಿತ್ತು. “ಒಲೆ ಮುಂದೆ ನಿಂತು ‘ಇವತ್ತು ಎಂತ ಮಾಡೂದು’ ಅಂತ ಇನ್ನೊಬ್ಬರನ್ನ ಕೇಳೂಕೆ ನನ್ನಿಂದ ಆಗ್ಲಿಲ್ಲ” ಎಂದು ಒಮ್ಮೆ ಹೇಳಿದ್ದರು. ಅಷ್ಟಕ್ಕೇ ಅವರು ಊರು ಬಿಟ್ಟು ಕೊಪ್ಪಕ್ಕೆ ಬಂದವರು. ಮೆಸ್ ಅಂದರೆ ಅವರಿಗೆ ಹೊಟ್ಟೆಪಾಡು ಹೌದು, ಅದಕ್ಕಿಂತ ಮೊದಲು ಅದು ಅವರದೇ ಒಂದು ಒಲೆ. ಮೆಸ್ ಮುಚ್ಚಿದರೆ ಮೆಣಸೆಯ ಆ ಕೋಣೆಗೆ ವಾಪಸ್ಸು ಹೋಗುವುದು ಬಿಟ್ಟು ಬೇರೆ ದಾರಿ ಇರಲಿಲ್ಲ. ಇದು ನಮಗೆಲ್ಲ ಗೊತ್ತಿತ್ತು. ಗೊತ್ತಿದ್ದೂ ನಾವು ಊಟದ ಬಗ್ಗೆ ಕೊಂಕು ಹೇಳುವುದನ್ನು ಬಿಟ್ಟಿರಲಿಲ್ಲ.

ಅವರ ಮೆಸ್ಸಿಗೆ ಒಂದು ನಿಯಮ. ಕಾಲೇಜು, ಶಾಲೆ ಶುರುವಾಗುವ ಜೂನ್‌ನಲ್ಲಿ ಒಂದು ರೇಟು ಬಾಯಲ್ಲಿ ಹೇಳುತ್ತಿದ್ದರು. ಮುಂದಿನ ಜೂನ್‌ವರೆಗೆ ಅದೇ. ನಡುವೆ ಆಕಾಶ ಕಳಚಿ ಬಿದ್ದರೂ ಬದಲಿಲ್ಲ. ಆ ರೇಟು ಎಷ್ಟೆಂದು ಇಲ್ಲಿ ಬರೆಯುವುದಿಲ್ಲ. ಈಗ ಓದಿದವರು ನಾನು ಸುಳ್ಳು ಹೇಳುತ್ತಿದ್ದೇನೆ ಅಂದುಕೊಳ್ಳುತ್ತಾರೆ, ಇಲ್ಲವೇ ನನ್ನ ವಯಸ್ಸು ಲೆಕ್ಕ ಹಾಕುತ್ತಾರೆ. ಎರಡೂ ನನಗೆ ಇಷ್ಟವಿಲ್ಲ. ಪಠ್ಯಪುಸ್ತಕದಲ್ಲಿ ಇದಕ್ಕೆ ಬೆಲೆಯ ಜಿಗುಟುತನ ಎನ್ನುತ್ತಾರೆ. ಸುತ್ತಲಿನದೆಲ್ಲ ಏರಿದರೂ ಕೆಲವು ಬೆಲೆಗಳು ಹಲಸಿನ ಮೇಣದ ಹಾಗೆ ಇದ್ದಲ್ಲೇ ಅಂಟಿಕೊಂಡಿರುತ್ತವೆ. ಯಾಕೆ ಎಂಬ ಬಗ್ಗೆ ದೊಡ್ಡ ದೊಡ್ಡವರ ನಡುವೆ ಜಗಳವಿದೆ. ಚಿಕ್ಕಮ್ಮನನ್ನು ಕೇಳಿದರೆ, “ಹೇಳಿ ಆಯ್ತಲ್ದಾ ಮತ್ತೆ” ಎನ್ನುತ್ತಿದ್ದರು. ಅವರ ಪಾಲಿಗೆ ಚರ್ಚೆ ಅಲ್ಲಿಗೆ ಮುಗಿಯಿತು.

ನನ್ನ ಬಗ್ಗೆಯೂ ಹೇಳಬೇಕು. ನಾನು ಹುಟ್ಟು ಚಿಂತೆಗಾರ. ಬೇರೆಯವರು ಸಕ್ಕರೆ ಕಾಯಿಲೆ, ಬಿಪಿ ಎಂದು ಹೆದರುವ ವಯಸ್ಸಿನಲ್ಲಿ ನಾನು ಅವುಗಳ ಜೊತೆಗೆ ಬಡ್ಡಿ ದರದ ಬಗ್ಗೆಯೂ ಹೆದರುತ್ತಿದ್ದೆ. ದೇಶದ ಕೇಂದ್ರ ಬ್ಯಾಂಕು ಬಡ್ಡಿ ಏರಿಸಿದರೆ ಕೈಗಾರಿಕೆ ಕುಸಿದೀತೆಂದು ಚಿಂತೆ, ಏರಿಸದಿದ್ದರೆ ಹಣದುಬ್ಬರ ಕೈಮೀರೀತೆಂದು ಚಿಂತೆ. “ಆ ಬ್ಯಾಂಕಿನವರು ರಾತ್ರಿ ಆರಾಮಾಗಿ ನಿದ್ದೆ ಮಾಡ್ತಾರೆ. ಯಾಕಂದ್ರೆ ಅವರ ಪಾಲಿನ ಚಿಂತೆ ಎನ್.ಆರ್.ಪುರದಲ್ಲಿ ಒಬ್ಬರು ಮಾಡ್ತಾ ಇದಾರೆ” ಎಂದು ನನ್ನ ಹೆಂಡತಿ ಹೇಳುತ್ತಿದ್ದಳು. ನಾನು ಚಿಂತೆ ಮಾಡಿದ್ದರಿಂದ ದೇಶದಲ್ಲಿ ಯಾವ ದರವೂ ಅತ್ತಿತ್ತ ಆದದ್ದಿಲ್ಲ. ನನ್ನ ಬಿಪಿ ಒಂದನ್ನು ಬಿಟ್ಟು.

ಈಗ ಮುಖ್ಯ ಮಾತು. ನಮ್ಮ ಕಡೆ ಊಟಕ್ಕೆ ಕೂತವನು ಎರಡನೇ ಸಲ ಅನ್ನ ಬಂದಾಗ ಮೊದಲು ‘ಬೇಡ’ ಅನ್ನಬೇಕು. ಹಸಿವಿದ್ದರೂ ಅನ್ನಬೇಕು. ಹಸಿವಿದ್ದರೆ ಇನ್ನೂ ಗಟ್ಟಿಯಾಗಿ ಅನ್ನಬೇಕು. ಬಡಿಸುವವರು ಅದನ್ನು ಕೇಳಿಸಿಕೊಳ್ಳಬಾರದು. ಎಲೆಯ ಮೇಲೆ ಅಡ್ಡ ಹಿಡಿದ ಕೈಯ ಸಂದಿಯಿಂದಲೇ ಅನ್ನ ಬೀಳಬೇಕು. ‘ಅಯ್ಯೋ ಎಂತ ಇಷ್ಟು ಹಾಕಿದ್ರಿ’ ಎಂದು ಗೊಣಗುತ್ತ ಉಣ್ಣಬೇಕು. ಇದು ಉಪಚಾರ. ತಾಯಿ ಎದೆಹಾಲಿನ ಜೊತೆಗೇ ಕಲಿಸುವ ಸಭ್ಯತೆ. ಚಿಕ್ಕಮ್ಮ ಮೆಸ್ಸಿನಲ್ಲೂ ಇದನ್ನು ಬಿಟ್ಟಿರಲಿಲ್ಲ. ಅನ್ನದ ಪಾತ್ರೆ ಹಿಡಿದು ಪಂಕ್ತಿಯಲ್ಲಿ ಬರುವಾಗ ಅವರು ಕೇಳುತ್ತಿರಲಿಲ್ಲ, ಘೋಷಿಸುತ್ತಿದ್ದರು: “ಹಾಕ್ತೆ.” ಅಷ್ಟೇ. ನಾವು ‘ಬೇಡ ಬೇಡ’ ಎನ್ನುವಷ್ಟರಲ್ಲಿ ಅನ್ನ ಬಿದ್ದು, ಅದರ ನೆತ್ತಿಯ ಮೇಲೆ ಹುಳಿಯೂ ಬಿದ್ದಾಗಿರುತ್ತಿತ್ತು.

ಎರಡು ಸಾವಿರದ ಎಂಟನೆಯ ಇಸವಿಯ ಮಳೆಗಾಲದಲ್ಲಿ ಒಂದು ದಿನ ಅವರು “ಹಾಕ್ಲಾ?” ಎಂದರು.

ಅಭ್ಯಾಸದಂತೆ ನಾನು “ಬೇಡ” ಎಂದೆ. ಅವರು ಮುಂದಿನ ಎಲೆಗೆ ಹೋದರು.

ನಾನು ಎಲೆಯನ್ನೇ ನೋಡುತ್ತ ಕೂತೆ. ನನ್ನ ಪಕ್ಕದಲ್ಲಿ ಒಬ್ಬ ಪಿಗ್ಮಿ ಸಂಗ್ರಾಹಕ ಕೂರುತ್ತಿದ್ದ. ಅಂಗಡಿ ಅಂಗಡಿ ಸುತ್ತಿ ದಿನದ ಉಳಿತಾಯ ವಸೂಲಿ ಮಾಡಿ ಬ್ಯಾಂಕಿಗೆ ಕಟ್ಟುವ ಕೆಲಸ. ನಾಲಿಗೆ ಸ್ವಲ್ಪ ಉದ್ದ. ಅವನೂ ‘ಬೇಡ’ ಎಂದಿದ್ದ, ಅವನ ಎಲೆಯೂ ಖಾಲಿ. ಅವನ ಆಚೆಗೆ ತಾಲ್ಲೂಕು ಕಚೇರಿಯೊಂದರಲ್ಲಿ ಗುತ್ತಿಗೆ ಮೇಲಿದ್ದ ಕಂಪ್ಯೂಟರ್ ಆಪರೇಟರ್. ಮುತ್ತಿನಕೊಪ್ಪದವನು, ಕೊಪ್ಪದಲ್ಲಿ ರೂಮು ಮಾಡಿಕೊಂಡು ಎರಡು ಹೊತ್ತೂ ಮೆಸ್ಸಿನಲ್ಲೇ ಉಣ್ಣುತ್ತಿದ್ದವನು, ಮೂವತ್ತು ದಾಟಿದವನು, ಮದುವೆಗೆ ಹೆಣ್ಣು ನೋಡುತ್ತಿದ್ದವನು. ಅವನೂ ಸಭ್ಯಸ್ಥನೇ. ಮೂವರೂ ಮಜ್ಜಿಗೆಗೆ ಅನ್ನವಿಲ್ಲದೆ ಬರೀ ಮಜ್ಜಿಗೆ ಕುಡಿದು ಎದ್ದೆವು.

“ಎಂತ ಸಾರ್ ಇದು?” ಕೈ ತೊಳೆಯುವಲ್ಲಿ ಪಿಗ್ಮಿಯವನು ಪಿಸುಗುಟ್ಟಿದ. “ಚಿಕ್ಕಮ್ಮಂಗೆ ಕಿವಿ ಸರಿಯಾಯ್ತಾ ಹೆಂಗೆ? ಇಷ್ಟು ವರ್ಷ ಬೇಡ ಅಂದ್ರೆ ಕೇಳ್ತಿರ್ಲಿಲ್ಲ!”

“ಬೇಡ ಅಂದದ್ದು ನೀನೇ ಅಲ್ವನಾ?” ಎಂದೆ.

“ನಾನು ಬೇಕು ಅಂತ ಬೇಡ ಅಂದೆ ಮಾರಾಯ್ರೆ!”

ಹಣದುಬ್ಬರ ನಮ್ಮ ಮೆಸ್ಸಿಗೆ ಬಂದದ್ದು ಹೀಗೆ. ರೇಟಿನಲ್ಲಿ ಬರಲಿಲ್ಲ, ಕ್ರಿಯಾಪದದಲ್ಲಿ ಬಂತು. ಆ ವರ್ಷ ಅಕ್ಕಿ, ಬೇಳೆ, ಎಣ್ಣೆ, ಗ್ಯಾಸು ಎಲ್ಲ ಒಟ್ಟಿಗೆ ಏರುತ್ತಿದ್ದವು. ಚಿಕ್ಕಮ್ಮ ಜೂನ್‌ನಲ್ಲಿ ಒಂದು ರೇಟು ಹೇಳಿ ಆಗಿತ್ತು. ಆ ಮಾತು ಮೀರುವಂತಿಲ್ಲ. ಆದ್ದರಿಂದ ಅವರು ಪ್ರಶ್ನಾರ್ಥಕ ಚಿಹ್ನೆ ಹಾಕಿದರು. ಅಷ್ಟರಿಂದಲೇ ದಿನಕ್ಕೆ ಎಷ್ಟೋ ಅನ್ನ ಉಳಿಯಿತು. ಬೇರೆ ಊರಿನವರಾಗಿದ್ದರೆ ‘ಹೂಂ, ಹಾಕಿ’ ಅಂದು ಉಂಡು ಹೋಗುತ್ತಿದ್ದರು. ನಾವೋ, ಹಸಿವಾಗಿದೆ ಅನ್ನುವುದಕ್ಕೆ ನಾಚಿ, ಬೇಡ ಅಂದು, ಬಸ್ ನಿಲ್ದಾಣಕ್ಕೆ ಹೋಗಿ ಕದ್ದುಮುಚ್ಚಿ ಬಾಳೆಹಣ್ಣು ತಿಂದೆವು. ಅಲ್ಲಿ ಒಬ್ಬರನ್ನೊಬ್ಬರು ಕಂಡಾಗ ಬಸ್ಸಿಗೆ ಕಾಯುವವರ ಹಾಗೆ ಮುಖ ಮಾಡಿಕೊಂಡೆವು. ಒಂದು ಸಲ ಆಪರೇಟರ್ ಶೃಂಗೇರಿ ಬಸ್ಸಿನ ಹಿಂದೆ ನಿಂತು ಬನ್ನು ತಿನ್ನುತ್ತಿದ್ದ, ಬಸ್ಸು ಹೊರಟುಬಿಟ್ಟಿತು, ಅವನು ಬಾಯಿ ತುಂಬ ಬನ್ನಿಟ್ಟುಕೊಂಡು ಬಯಲಿನಲ್ಲಿ ನಿಂತುಬಿಟ್ಟ. ನಾನು ಆಕಾಶ ನೋಡಿದೆ. ಅಷ್ಟು ಸಭ್ಯತೆ ನನ್ನಲ್ಲಿತ್ತು.

ಊಟದ ಹೊತ್ತಿನಲ್ಲಿ ದೇಶದ ಸ್ಥಿತಿಗತಿ ಚರ್ಚೆಯಾಗುತ್ತಿತ್ತು. ಆ ದಿನಗಳಲ್ಲಿ ಪತ್ರಿಕೆಯ ತುಂಬ ಒಂದೇ ವಿಷಯ. ಬೆಲೆ ಏರುತ್ತಿದೆ, ಕೇಂದ್ರ ಬ್ಯಾಂಕು ಬಡ್ಡಿ ಏರಿಸಿದೆ, ಇನ್ನೂ ಏರಿಸಬೇಕೋ ಬೇಡವೋ.

“ನಂಗೊಂದು ಡೌಟು ಸಾರ್,” ಪಿಗ್ಮಿಯವನು ಶುರು ಮಾಡುತ್ತಿದ್ದ. “ಬ್ಯಾಂಕಿನವರು ಬಡ್ಡಿ ಏರಿಸಿದ್ರೆ ತೊಗರಿಬೇಳೆ ಹೆಂಗೆ ಇಳೀತದೆ?”

ನಾನು ಸಂಬಳ ತೆಗೆದುಕೊಳ್ಳುವುದೇ ಈ ವಿಷಯಕ್ಕೆ. ಹೇಳಲೇಬೇಕು. “ಬಡ್ಡಿ ಹೆಚ್ಚಾದ್ರೆ ಸಾಲ ತಗೊಳ್ಳೋರು ಕಮ್ಮಿ ಆಗ್ತಾರೆ. ಸಾಲ ಕಮ್ಮಿ ಆದ್ರೆ ಖರ್ಚು ಕಮ್ಮಿ. ಖರ್ಚು ಕಮ್ಮಿ ಆದ್ರೆ ಸಾಮಾನಿಗೆ ಗಿರಾಕಿ ಕಮ್ಮಿ. ಆಗ ಬೆಲೆ ಇಳೀತದೆ.”

“ಅಂದ್ರೆ ನಾವು ತಿನ್ನೋದು ಕಮ್ಮಿ ಮಾಡ್ಬೇಕು.”

“ಹಾಗೆ ನೇರವಾಗಿ ಯಾರೂ ಹೇಳೋದಿಲ್ಲ.”

“ಚಿಕ್ಕಮ್ಮ ಶುರು ಮಾಡಿದಾರಲ! ಅವರನ್ನೇ ಬಾಂಬೆಗೆ, ಆ ಬ್ಯಾಂಕಿಗೇ ಕಳಿಸಬಹುದು.”

ಒಳಗಿನಿಂದ ಚಿಕ್ಕಮ್ಮನ ದನಿ: “ಯಾರನ್ನ ಎಲ್ಲಿಗೆ ಕಳಿಸೂದು?”

“ಎಂತದಿಲ್ಲ ಚಿಕ್ಕಮ್ಮ, ಹುಳಿ ಚೆನ್ನಾಗಾಗಿದೆ ಅಂತ!”

ಹುಳಿ ಚೆನ್ನಾಗಿರಲಿಲ್ಲ. ಬೇಳೆ ಕಮ್ಮಿಯಾಗಿ ಸೌತೆಕಾಯಿಯ ಹೋಳುಗಳು ತಿಳಿನೀರಿನಲ್ಲಿ ಈಜುತ್ತಿದ್ದವು. ನಾನು ಆಪರೇಟರ್‌ಗೆ ಚರ್ಚೆಯ ಇನ್ನೊಂದು ಮಗ್ಗುಲನ್ನು ವಿವರಿಸುತ್ತಿದ್ದೆ. ಬೇಳೆ ಏರಿದ್ದು ಜನ ಜಾಸ್ತಿ ತಿಂದದ್ದಕ್ಕಲ್ಲ, ಬೆಳೆ ಕೈಕೊಟ್ಟದ್ದಕ್ಕೆ. ಕಚ್ಚಾ ತೈಲ ಏರಿದ್ದು ಎಲ್ಲೋ ಕೊಲ್ಲಿ ದೇಶದಲ್ಲಿ. ಅಂಥದ್ದಕ್ಕೆ ಬಡ್ಡಿ ಏರಿಸಿದರೆ ನೆಗಡಿಗೆಂದು ಮೊಣಕಾಲಿಗೆ ಎಣ್ಣೆ ಹಚ್ಚಿದ ಹಾಗೆ ಎಂದು ಕೆಲವರ ವಾದ. ಇನ್ನು ಕೆಲವರ ವಾದವೇ ಬೇರೆ. ಕಾರಣ ಏನೇ ಇರಲಿ, ಬೆಲೆ ಏರುತ್ತಲೇ ಹೋಗುತ್ತದೆ ಎಂದು ಜನ ನಂಬಿಬಿಟ್ಟರೆ ಆ ನಂಬಿಕೆಯೇ ಬೆಲೆಯನ್ನು ಏರಿಸುತ್ತದೆ, ಅದನ್ನು ಮುರಿಯಲು ಬ್ಯಾಂಕು ಗಟ್ಟಿ ನಿಲ್ಲಬೇಕು, ತನ್ನ ಮಾತಿಗೆ ತೂಕ ಇದೆ ಎಂದು ತೋರಿಸಬೇಕು. ಆಪರೇಟರ್ ಗಮನವಿಟ್ಟು ಕೇಳಿ, “ನೀವು ಯಾವ ಕಡೆ ಸಾರ್?” ಎಂದ. ನಾನು “ಎರಡರಲ್ಲೂ ಸತ್ಯವಿದೆ” ಎಂದೆ. ಪಿಗ್ಮಿಯವನು ನೀರು ಕುಡಿಯುತ್ತಿದ್ದವನು ನಕ್ಕು ಮೂಗಿಗೆ ಹತ್ತಿಸಿಕೊಂಡ.

ದೀಪಾವಳಿ ಕಳೆಯುವಷ್ಟರಲ್ಲಿ ‘ಹಾಕ್ಲಾ?’ ಕೂಡ ಹೋಯಿತು. ಅದರ ಜಾಗಕ್ಕೆ ‘ಸಾಕಲ್ದಾ?’ ಬಂತು. ಸೌಟು ಪಾತ್ರೆಯೊಳಗೇ ಇರುತ್ತಿತ್ತು. ಮುಖ ಆ ಕಡೆ ತಿರುಗಿರುತ್ತಿತ್ತು. ಅವರು ನಮ್ಮ ಕಣ್ಣು ನೋಡುವುದನ್ನು ಬಿಟ್ಟಿದ್ದರು. ಅದು ಹೆಚ್ಚು ಕಷ್ಟ. ‘ಸಾಕಲ್ದಾ’ ಎಂದಾಗ ‘ಸಾಕು’ ಅನ್ನುವುದು ಬಿಟ್ಟು ಬೇರೆ ಉತ್ತರ ನಮ್ಮ ಭಾಷೆಯಲ್ಲಿ ಇಲ್ಲ.

ನನಗೋ ತುಟ್ಟಿಭತ್ಯೆ ಬಂತು. ಈ ಪದವನ್ನು ನಾನು ಬೇಕಾದಷ್ಟು ಸಲ ಪಾಠದಲ್ಲಿ ಬಳಸಿದ್ದೇನೆ. ವಸ್ತುಗಳು ತುಟ್ಟಿಯಾದಾಗ ಸರ್ಕಾರ ತನ್ನ ನೌಕರರಿಗೆ ಕೊಡುವ ಭತ್ಯೆ. ಚಿಕ್ಕಮ್ಮ ತುಟ್ಟಿಯನ್ನು ಕೊಳ್ಳುತ್ತಿದ್ದರು, ಭತ್ಯೆ ನನಗೆ ಬರುತ್ತಿತ್ತು. ಒಂದು ದಿನ ಎಲ್ಲರೂ ಹೋದ ಮೇಲೆ ನಿಂತು ಹೇಳಿದೆ, “ಚಿಕ್ಕಮ್ಮ, ನನ್ನ ಹತ್ರ ಸ್ವಲ್ಪ ಜಾಸ್ತಿ ತಗೊಳ್ಳಿ. ನನಗೆ ಅಡ್ಡಿಯಿಲ್ಲ.”

ಅವರು ಎಲೆ ಎತ್ತಿದ ಜಾಗ ಒರೆಸುತ್ತಿದ್ದರು. “ನಿಮಗೊಬ್ಬರಿಗೆ ಬೇರೆ ರೇಟು ಮಾಡಿದ್ರೆ ನಿಮ್ಮ ಊಟವೂ ಬೇರೆ ಆಗ್ಬೇಕು. ಒಂದೇ ಪಂಕ್ತಿಯಲ್ಲಿ ಅದೆಲ್ಲ ಆಗೂದಿಲ್ಲ.”

“ಹಾಗಾದ್ರೆ ಎಲ್ಲರಿಗೂ ಏರಿಸಿ.”

“ಜೂನಿಗೆ.”

“ಜೂನಿನವರೆಗೆ ಹೇಗೆ?”

“ಬೇಳೆ ಇಳಿದ್ರೂ ಇಳೀಬಹುದು. ಪೇಪರ್ನಲ್ಲಿ ಎಂತ ಬರೀತಾರೆ?”

ಪೇಪರಿನಲ್ಲಿ ಅಷ್ಟರಲ್ಲಿ ಹಾಡೇ ಬದಲಾಗಿತ್ತು. ಅಮೆರಿಕದಲ್ಲಿ ಬ್ಯಾಂಕುಗಳು ಬಿದ್ದಿದ್ದವು. ಮೊನ್ನೆಯವರೆಗೆ ಬಡ್ಡಿ ಏರಿಸಿ ಎಂದು ಬರೆಯುತ್ತಿದ್ದವರೇ ಈಗ ಇಳಿಸಿ, ಬೇಗ ಇಳಿಸಿ ಎಂದು ಬರೆಯುತ್ತಿದ್ದರು. ಕಬ್ಬಿಣ, ತಾಮ್ರ, ಕಚ್ಚಾ ತೈಲ ಪಾತಾಳಕ್ಕೆ ಹೋಗಿದ್ದವು. ನಾನು ಚಿಂತೆಯನ್ನು ಒಂದು ಹೆಗಲಿನಿಂದ ಇನ್ನೊಂದು ಹೆಗಲಿಗೆ ಹಾಕಿಕೊಂಡೆ. ಆದರೆ ಕೊಪ್ಪದ ದಿನಸಿ ಅಂಗಡಿಯಲ್ಲಿ ಬೇಳೆ ಇಳಿಯಲಿಲ್ಲ. ಅಕ್ಕಿ ಇಳಿಯಲಿಲ್ಲ. ಸಕ್ಕರೆ ಏರತೊಡಗಿತು. ಚಿಕ್ಕಮ್ಮ ಪಿಗ್ಮಿ ಕಟ್ಟುವುದನ್ನು ನಿಲ್ಲಿಸಿದರು. ಪಿಗ್ಮಿಯವನೇ ನನಗೆ ಹೇಳಿದ್ದು, ಮೊದಲ ಸಲ ತಮಾಷೆ ಮಾಡದೆ.

ಯುಗಾದಿಗೆ ಮನೆಯ ಯಜಮಾನರು ಬಂದು, ಜೂನಿನಿಂದ ಬಾಡಿಗೆ ಹೆಚ್ಚಿಸಬೇಕು, ಆಗದಿದ್ದರೆ ಮೊಬೈಲ್ ಅಂಗಡಿಯವರು ಕೇಳುತ್ತಿದ್ದಾರೆ ಎಂದು ಹೇಳಿ ಹೋದರು. ಅವರೂ ಕೆಟ್ಟವರೇನಲ್ಲ. ಅವರಿಗೂ ಎಲ್ಲ ತುಟ್ಟಿಯಾಗಿತ್ತು. ಆ ಕಾಲದ ದೊಡ್ಡ ಕಷ್ಟ ಅದೇ. ಬೈಯಲು ಯಾರೂ ಸಿಗುತ್ತಿರಲಿಲ್ಲ.

ಎರಡು ಸಾವಿರದ ಒಂಬತ್ತರ ಜೂನ್ ಬಂತು. ಒಂದು ಮಧ್ಯಾಹ್ನ ಮಜ್ಜಿಗೆ ಬಡಿಸಿ ಆದ ಮೇಲೆ ಚಿಕ್ಕಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೊಸ ರೇಟು ಹೇಳಿದರು. ವರ್ಷವಿಡೀ ತಡೆದು ಹಿಡಿದದ್ದು ಒಟ್ಟಿಗೆ ಬಂದಿತ್ತು. ದನಿ ಸಣ್ಣದಾಗಿತ್ತು, ರೇಟು ಸಣ್ಣದಾಗಿರಲಿಲ್ಲ.

ಪಿಗ್ಮಿಯವನು ಜೇಬಿನಿಂದ ಮಡಚಿದ ಪೇಪರು ತೆಗೆದ. ಅದರಲ್ಲಿದ್ದ ಸುದ್ದಿಯನ್ನು ನಾನೂ ಬೆಳಿಗ್ಗೆ ಬಸ್ಸಿನಲ್ಲಿ ಓದಿದ್ದೆ.

“ಚಿಕ್ಕಮ್ಮ, ಬೇಜಾರು ಮಾಡ್ಕೋಬೇಡಿ. ಇವತ್ತಿನ ಪೇಪರ್ನಲ್ಲಿ ಬಂದಿದೆ. ಹಣದುಬ್ಬರ ಸೊನ್ನೆಗಿಂತ ಕೆಳಗೆ ಹೋಗಿದೆ. ಸೊನ್ನೆ ಅಲ್ಲ, ಅದಕ್ಕಿಂತ ಕೆಳಗೆ! ಇಡೀ ದೇಶದಲ್ಲಿ ಬೆಲೆ ಇಳಿದಿದೆ ಅಂತ ಸರ್ಕಾರವೇ ಹೇಳ್ತಾ ಇದೆ. ನೀವೊಬ್ರೇ ಏರಿಸ್ತೀರಲ?”

“ಎಲ್ಲಿ ಇಳಿದದ್ದು?”

“ಇಲ್ಲಿ ಬರ್ದಿದೆ ನೋಡಿ.”

“ಅದಲ್ಲ. ಯಾವ ಅಂಗಡಿಯಲ್ಲಿ?”

ಎಲ್ಲರೂ ನನ್ನ ಕಡೆ ತಿರುಗಿದರು. ಅರ್ಥಶಾಸ್ತ್ರ ಓದಿದವನು ಜೀವನದಲ್ಲಿ ಒಮ್ಮೆಯಾದರೂ ಬರಲಿ ಎಂದು ಕಾಯುವ ಗಳಿಗೆ. ನನ್ನ ವಿಷಯ ಯಾರಿಗೋ ನಿಜಕ್ಕೂ ಬೇಕಾಗಿತ್ತು. ನಾನು ಎಂಜಲು ಕೈಯಲ್ಲೇ ಎದ್ದು ನಿಂತೆ. ಈ ಸಲ ಎರಡೂ ಕಡೆ ಸತ್ಯವಿದೆ ಅನ್ನಲಿಲ್ಲ.

“ಚಿಕ್ಕಮ್ಮ ಹೇಳೋದು ಸರಿ,” ಎಂದೆ. “ಪೇಪರ್ನಲ್ಲಿ ಇರೋದು ಸಗಟು ಬೆಲೆಯ ಲೆಕ್ಕ. ಅದರಲ್ಲಿ ಕಬ್ಬಿಣ, ತಾಮ್ರ, ತೈಲ, ಕಾರ್ಖಾನೆ ಸಾಮಾನು ಎಲ್ಲ ಸೇರ್ತದೆ. ಅವು ಬಿದ್ದಿವೆ. ಬಿದ್ದದ್ದಕ್ಕೆ ಸರಾಸರಿ ಕೆಳಗೆ ಬಂದಿದೆ. ಅಕ್ಕಿ ಬೇಳೆ ಬಿದ್ದಿಲ್ಲ, ಏರಿದೆ. ನಾವು ಇಲ್ಲಿ ಕಬ್ಬಿಣ ಉಣ್ಣೋದಿಲ್ಲ. ಮತ್ತೆ, ಹೋದ ವರ್ಷ ಏರಿದ್ದಕ್ಕೆ ಹೋಲಿಸಿ ಈ ವರ್ಷ ಹೇಳೋದು ಅದು. ಆಗುಂಬೆ ಘಾಟಿ ಹತ್ತಿ ಮೇಲೆ ನಿಂತ ಬಸ್ಸು ನೋಡಿ ‘ಬಸ್ಸು ಹತ್ತೋದು ನಿಲ್ಲಿಸಿದೆ’ ಅಂದ್ರೆ, ಬಸ್ಸು ಕೆಳಗಿದೆ ಅಂತ ಅರ್ಥ ಅಲ್ಲ.”

ನನ್ನ ಇಪ್ಪತ್ತು ಚಿಲ್ಲರೆ ವರ್ಷದ ನೌಕರಿಯಲ್ಲಿ ಅಷ್ಟು ಸ್ಪಷ್ಟವಾಗಿ ಪಾಠ ಮಾಡಿದ್ದು ನೆನಪಿಲ್ಲ. ಪಿಗ್ಮಿಯವನೂ ತಲೆದೂಗಿದ. ಆಗ ಆಪರೇಟರ್ ತಲೆಯೆತ್ತಿದ. ಅವನು ಸಾಮಾನ್ಯವಾಗಿ ಮಾತಾಡುವವನಲ್ಲ.

“ಸಾರ್, ನೀವು ಹೇಳಿದ್ದೆಲ್ಲ ಅರ್ಥ ಆಯ್ತು. ಚಿಕ್ಕಮ್ಮ ಹೇಳೋದೂ ಸರಿ. ಆದ್ರೆ ಬೇಳೆ ಏರಿದ್ದಕ್ಕೆ ನಿಮಗೆ ತುಟ್ಟಿಭತ್ಯೆ ಕೊಡ್ತಾರೆ. ನಾನು ಸೇರಿದಾಗ ಇದ್ದ ಸಂಬಳವೇ ಈಗಲೂ ನಂದು. ಏರಿಸಿ ಅಂದ್ರೆ, ಬೇಕಾದಷ್ಟು ಜನ ಇದಾರೆ, ನೀನು ಹೋಗು ಅಂತಾರೆ. ನಾನು ಯಾರ ಹತ್ರ ಏರಿಸ್ಲಿ?”

ನಾನು ಇನ್ನೂ ನಿಂತೇ ಇದ್ದೆ. ಕೈಯ ಎಂಜಲು ಒಣಗುತ್ತಿತ್ತು. ಅವನ ಪ್ರಶ್ನೆಗೆ ಉತ್ತರ ಪುಸ್ತಕದಲ್ಲಿದೆ: ಹಣದುಬ್ಬರದ ಹೊರೆ ಎಲ್ಲರ ಮೇಲೆ ಸಮನಾಗಿ ಬೀಳುವುದಿಲ್ಲ, ಚೌಕಾಸಿ ಮಾಡುವ ಬಲವಿಲ್ಲದವನ ಮೇಲೆ ಹೆಚ್ಚು ಬೀಳುತ್ತದೆ. ಪರೀಕ್ಷೆಯಲ್ಲಿ ಐದು ಅಂಕದ ಪ್ರಶ್ನೆ. ನಾನು ಕೂತುಕೊಂಡೆ.

ಚಿಕ್ಕಮ್ಮ ಅವನನ್ನು ನೋಡಿದರು. “ನಿಂಗೆ ಆಗೂದಿಲ್ಲ ಅಂತ ನಂಗೆ ಗೊತ್ತಿದೆ ಮಾಣಿ,” ಎಂದರು. ಮತ್ತೆ, “ಆದ್ರೆ ನಂಗೂ ಆಗೂದಿಲ್ಲ” ಎಂದು ಒಳಗೆ ಹೋದರು.

ಮರುದಿನದಿಂದ ಮೆಟ್ಟಿಲ ಮೇಲಿನ ಚಪ್ಪಲಿಗಳು ಕಡಿಮೆಯಾದವು. ಬಸ್ ನಿಲ್ದಾಣದ ಎದುರು ಹೊಸ ಹೋಟೆಲಿನಲ್ಲಿ ಪ್ಲೇಟ್ ಊಟ ಶುರುವಾಗಿತ್ತು. ಸ್ಟೀಲ್ ತಟ್ಟೆಯಲ್ಲಿ ಗುಂಡಗೆ ಅಳೆದು ಇಟ್ಟ ಅನ್ನ. ಹೆಚ್ಚಿಗೆ ಅನ್ನಕ್ಕೆ ಬೇರೆ ರೇಟು, ಗೋಡೆಯ ಮೇಲೇ ಬರೆದಿತ್ತು. ಅಲ್ಲಿ ಬೇಕು ಅಂದರೆ ಬೇಕು, ಬೇಡ ಅಂದರೆ ಬೇಡ. ಆಪರೇಟರ್ ಅಲ್ಲಿಗೆ ಹೋದ. ಔಷಧಿ ಅಂಗಡಿಯ ಹುಡುಗರು ಹೋದರು. ಚಿಕ್ಕಮ್ಮನಿಗೂ ಹಾಗೆ ಮಾಡಿ ಎಂದು ನಾನು ಸಲಹೆ ಕೊಟ್ಟೆ. ನಾನು ಸಲಹೆ ಕೊಡದೆ ಬಿಟ್ಟ ಸಂದರ್ಭವಿಲ್ಲ. “ಅನ್ನ ಅಳೆದು ಹಾಕೂಕೆ ಇದೆಂತ ರೇಷನ್ ಸೊಸೈಟಿಯಾ?” ಎಂದರು. ಪಿಗ್ಮಿಯವನು ಮಾತ್ರ ಕೆಲವು ದಿನ ಬಂದ. “ಶೃಂಗೇರಿಗೆ ಹೋಗಿ ದೇವಸ್ಥಾನದಲ್ಲಿ ಉಂಡು ಬರೋದೇ ಲಾಭ ಅಂತ ಲೆಕ್ಕ ಹಾಕಿದೆ ಸಾರ್. ಬಸ್ ಚಾರ್ಜೂ ಏರಿಬಿಟ್ಟಿದೆ” ಎಂದ. ನಗು ಬರಲಿಲ್ಲ. ಅವನಿಗೂ ಬರಲಿಲ್ಲ.

ಹದಿನೈದು ದಿನ ಕಳೆದಿರಬೇಕು. ಪಂಕ್ತಿಯಲ್ಲಿ ನಾನೂ, ನಿವೃತ್ತ ಪೋಸ್ಟ್‌ಮಾಸ್ಟರೊಬ್ಬರೂ, ಇನ್ನಿಬ್ಬರೂ ಉಳಿದಿದ್ದೆವು. ಅವತ್ತು ಚಿಕ್ಕಮ್ಮ ಅವರ ಬದುಕಿನಲ್ಲಿ ಎಂದೂ ಮಾಡದ ಕೆಲಸ ಮಾಡಿದರು. ಹೇಳಿದ ಮಾತನ್ನು ವಾಪಸ್ಸು ತೆಗೆದುಕೊಂಡರು. “ಹಳೇ ರೇಟೇ ಇರಲಿ. ಹೋದವರಿಗೂ ಹೇಳಿ” ಎಂದರು.

ನಾನು ಅವತ್ತು ಸಂಜೆಯ ಬಸ್ಸು ಬಿಟ್ಟು ಎಲ್ಲರನ್ನೂ ಹುಡುಕಿಕೊಂಡು ಹೋಗಿ ಹೇಳಿದೆ. ಜನ ಓಡಿ ಬರುತ್ತಾರೆ ಎಂದುಕೊಂಡಿದ್ದೆ. ಬೆಲೆ ಇಳಿದರೆ ಗಿರಾಕಿ ಹೆಚ್ಚಬೇಕು, ಮೊದಲ ಪಾಠವೇ ಅದು. ಔಷಧಿ ಅಂಗಡಿಯಲ್ಲಿ ಒಬ್ಬ ಬಿಲ್ಲು ಬರೆಯುತ್ತಿದ್ದವನು ತಲೆಯೆತ್ತಿ, “ಹೌದನಾ? ಹಳೇ ರೇಟಿಗೆ ಆಗ್ತದಾ ಹಾಗಾದ್ರೆ?” ಎಂದ. “ಮತ್ತೆ ಮೊದಲು ಏರಿಸಿದ್ದು ಎಂತಕ್ಕೆ?”

“ಅದು ಹಾಗಲ್ಲ...”

“ಅಲ್ಲ ಸಾರ್, ಆಗೋದಿಲ್ಲ ಅಂದ್ರು. ಈಗ ಆಗ್ತದೆ ಅಂತಾರೆ. ನಾಳೆ ಇನ್ನೆಂತ ಅಂತಾರೋ.”

ಅಷ್ಟು ವರ್ಷ ಆ ಬಾಯಿಂದ ಬಂದ ರೇಟನ್ನು ಯಾರೂ ಪ್ರಶ್ನಿಸಿರಲಿಲ್ಲ. ಬೇಳೆ ತೆಳುವಾದಾಗಲೂ ಪ್ರಶ್ನಿಸಿರಲಿಲ್ಲ. ಈಗ ಅವರು ನಷ್ಟ ಹೊತ್ತು ಇಳಿಸಿದ್ದನ್ನು, ಮೊದಲು ಏರಿಸಿದ್ದು ಆಸೆಬುರುಕತನ ಎಂಬುದಕ್ಕೆ ಸಾಕ್ಷಿ ಎಂದು ಜನ ಅಂದುಕೊಂಡರು. ಕೇಂದ್ರ ಬ್ಯಾಂಕಿನ ಬಂಡವಾಳ ಅದರ ಖಜಾನೆಯಲ್ಲ, ಅದರ ಮಾತಿನ ಮೇಲಿನ ವಿಶ್ವಾಸ ಎಂದು ನಾನು ಬೋರ್ಡಿನ ಮೇಲೆ ಬರೆದು ಅಡಿಗೆರೆ ಎಳೆಯುತ್ತಿದ್ದೆ. ಚಿಕ್ಕಮ್ಮನ ಬಳಿ ಇದ್ದ ಬಂಡವಾಳವೂ ಅದೊಂದೇ. ಹಳೇ ರೇಟಿಗೆ ಬಂದವನು ಒಬ್ಬನೇ, ಆಪರೇಟರ್. ಅವನೂ ರಾತ್ರಿ ಊಟಕ್ಕೆ ಮಾತ್ರ.

ಹೋದವರು ಬರುವುದಿಲ್ಲ ಎಂಬುದನ್ನು ಚಿಕ್ಕಮ್ಮನಿಗೆ ಹೇಗೆ ಹೇಳುವುದೆಂದು ನಾನು ರಾತ್ರಿಯೆಲ್ಲ ಯೋಚಿಸಿದ್ದೆ. ಹೇಳಬೇಕಾಗಿ ಬರಲಿಲ್ಲ. ಮರುದಿನ ಅವರು ಎಲ್ಲರಿಗಾಗುವಷ್ಟು ಅಡುಗೆ ಮಾಡಿ ಕಾದಿದ್ದರು. ಹುಳಿಯಲ್ಲಿ ಬೇಳೆಯಿತ್ತು. ತೆಂಗಿನಕಾಯಿಯೂ ಇತ್ತು. ಉಳಿದದ್ದನ್ನು ಸಂಜೆ ಟೈಲರ್ ಅಂಗಡಿಯವರಿಗೆ ಕೊಟ್ಟರಂತೆ.

ಆಷಾಢದಲ್ಲಿ ಮನೆ ಬಿಟ್ಟರು. ಪಾತ್ರೆ ಅಂಗಡಿಯವರು ಲಗೇಜ್ ಆಟೋ ತಂದಿದ್ದರು. ದೊಡ್ಡ ಡಬರಿಗಳು, ಹಿತ್ತಾಳೆ ಕೊಳಗ, ನೀರು ಕಾಸುವ ತಾಮ್ರದ ಹಂಡೆ ಎಲ್ಲ ಜಗಲಿಯ ಮೇಲೆ ಸಾಲಾಗಿ ಕೂತಿದ್ದವು, ಊಟಕ್ಕೆ ಕೂತವರ ಹಾಗೆ. ನಾನು ಕಾಲೇಜಿನ ಬಿಡುವಿನಲ್ಲಿ ಸಹಾಯಕ್ಕೆಂದು ಹೋಗಿದ್ದೆ. ಅಂದರೆ ಅಡ್ಡ ನಿಂತಿದ್ದೆ. ಅಂಗಡಿಯವರು ಹಂಡೆಯನ್ನು ಬೆರಳಿನಿಂದ ಬಡಿದು ನೋಡಿ ಹೇಳಿದರು.

“ಒಂದು ವರ್ಷ ಮೊದಲು ಕೊಟ್ಟಿದ್ರೆ ಒಳ್ಳೆ ರೇಟಿತ್ತಮ್ಮ. ಈಗ ತಾಮ್ರ, ಹಿತ್ತಾಳೆ ಎಲ್ಲ ಬಿದ್ದುಹೋಗಿದೆ. ಪೇಪರ್ನಲ್ಲೂ ಬಂದಿದೆ.”

ಚಿಕ್ಕಮ್ಮ ನನ್ನ ಕಡೆ ನೋಡಿದರು. ಹೌದಾ, ಎಂದು ಕೇಳುವ ನೋಟ. ಹೌದು ಎಂದು ತಲೆಯಾಡಿಸಿದೆ. ಪತ್ರಿಕೆಯಲ್ಲಿ ಓದಿ, ತರಗತಿಯಲ್ಲಿ ಹೇಳಿ, ಎಂಜಲು ಕೈಯಲ್ಲಿ ನಿಂತು ಸಾರಿದ್ದ ಆ ಇಳಿಕೆಯನ್ನು ಕಣ್ಣಾರೆ ಕಂಡದ್ದು ಅವತ್ತೇ. ಅವರು ಕೊಳ್ಳುವುದರಲ್ಲಿ ಯಾವುದೂ ಇಳಿದಿರಲಿಲ್ಲ. ಮಾರುವುದಕ್ಕೆ ಇದ್ದದ್ದೆಲ್ಲ ಇಳಿದಿತ್ತು. ಅವರು ಚೌಕಾಸಿ ಮಾಡಲಿಲ್ಲ. ತಕ್ಕಡಿ ತರಲು ಹೇಳಿ ಒಳಗೆ ಹೋಗಿ ನೆಲ ಗುಡಿಸಿದರು.

ಶೃಂಗೇರಿ ಬಸ್ಸಿನವರೆಗೆ ಅವರ ಟ್ರಂಕನ್ನು ಪಿಗ್ಮಿಯವನು ತನ್ನ ಮೊಪೆಡ್ಡಿನಲ್ಲಿಟ್ಟು ತಂದ. ಕಂಡಕ್ಟರು ಟ್ರಂಕನ್ನು ಮೇಲೆ ಹಾಕಿದ. ಚಿಕ್ಕಮ್ಮ ಕಿಟಕಿ ಪಕ್ಕ ಕೂತು ಕೇಳಿದರು.

“ನಾಳೆ ಮಧ್ಯಾಹ್ನಕ್ಕೆ ಎಂತ ಮಾಡ್ತೀರಿ?”

“ಮನೆಯಿಂದ ಡಬ್ಬಿ ತರ್ತೀನಿ ಚಿಕ್ಕಮ್ಮ.”

“ಮಜ್ಜಿಗೆ ಬೇರೆ ತನ್ನಿ. ಕಲಸಿ ತಂದ್ರೆ ಹುಳಿ ಬರ್ತದೆ.”

“ಹೂಂ.”

“ಹೋಗಿ, ಕ್ಲಾಸಿಗೆ ತಡ ಆಗ್ತದೆ.”

ಬಸ್ಸು ಹೊರಟಿತು. ಕತ್ತಲಾಗುವ ಮೊದಲು ಮೆಣಸೆ ಸೇರುತ್ತಾರೆ, ಸೇರಿ ಕೈಕಾಲು ತೊಳೆದು ಒಲೆಯ ಹತ್ತಿರ ಹೋಗುತ್ತಾರೆ, ರಾತ್ರಿಗೆ ಎಂತ ಮಾಡುವುದೆಂದು ಓರಗಿತ್ತಿಯನ್ನು ಕೇಳುತ್ತಾರೆ. ನಾನು ಕಾಲೇಜಿನ ಕಡೆ ನಡೆದೆ. ಪಿಗ್ಮಿಯವನು ಹಿಂದಿನಿಂದ ಮೊಪೆಡ್ಡು ತಳ್ಳಿಕೊಂಡು ಬಂದ. ಪೆಟ್ರೋಲು ಖಾಲಿಯಾಗಿತ್ತೋ, ಹತ್ತಲು ಮನಸ್ಸಿರಲಿಲ್ಲವೋ, ನಾನು ಕೇಳಲಿಲ್ಲ.